ಪುಷ್ಯದ ಪಟದಲ್ಲಿ ನನ್ನ ಮನೆಯ ಲೈಟು

…ಅಥವಾ ಅವರು ಆವತ್ತು ಏನನ್ನೂ ಹೇಳಲೇ ಇಲ್ಲವೋ ಏನೋ. ಕಾಂಪೌಂಡಿನ ಆಚೆ ನಿಂತಿದ್ದರು ಎಂಬುದಂತೂ ನಿಜ. ಈಚೆ ನಾನು ಸ್ಕೂಟರ್ ತೊಳೆಯುತ್ತಿದ್ದೆ. ಪೈಪಿನ ನೀರಿನ ಸದ್ದಿತ್ತು, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದೆ. ಅವರ ಬಾಯಿ ಅಲುಗುತ್ತಿತ್ತು. ನಾನು ತಲೆಯಾಡಿಸಿದೆ. ಇಷ್ಟು ಬರೆದ ಕೂಡಲೇ ಅನುಮಾನ ಬರುತ್ತದೆ. ಸ್ಕೂಟರ್ ತೊಳೆದದ್ದು ಒಂದು ದಿನ, ಫೋನು ಬಂದದ್ದು ಇನ್ನೊಂದು ದಿನ, ಅವರು ಗೋಡೆಯ ಆಚೆ ನಿಂತದ್ದು ನೂರಾರು ದಿನ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನನ್ನ ತಲೆಯೇ ಒಂದು ದೃಶ್ಯ ತಯಾರಿಸಿಕೊಂಡಿರಬಹುದು.

ಒಂದರ ಮೇಲೊಂದು ಇಡುವುದನ್ನು ನನಗೆ ತೋರಿಸಿಕೊಟ್ಟವರೂ ಅವರೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಗೋಡೆ. ಅವರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿದ್ದವರು. ಹಬೆಯ ಒತ್ತಡ, ಶಾಖ ಇವನ್ನೆಲ್ಲ ಅಳೆಯುವ ಮೀಟರುಗಳು ನಿಜ ಹೇಳುತ್ತಿವೆಯೇ ಎಂದು ನೋಡುವುದು ಅವರ ಕೆಲಸ. ಕಾರ್ಖಾನೆ ನಿಂತ ಮೇಲೆ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಹೆಂಡತಿಯೊಂದಿಗೆ ಇಲ್ಲಿಗೆ ಬಂದರು. ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಮೊಳದುದ್ದದ ಅಕ್ಷರಗಳಲ್ಲಿ ಬರೆದ ಫ್ಲೆಕ್ಸ್ ಒಂದನ್ನು ನೋಡಿ ಬಂದಿದ್ದೇನೆ. ಅಷ್ಟು ಸಾಕು.

ಫ್ಲೆಕ್ಸ್ ಕಟ್ಟಿದ್ದು ವೈಕುಂಠ ಸಮಾರಾಧನೆಯ ದಿನ, ಊಟದ ಹಾಲಿನಲ್ಲಿ. ಅವರ ಭಾಮೈದ ಮಾಡಿಸಿದ್ದು. ಗುರುತಿನ ಚೀಟಿಯಿಂದ ಎತ್ತಿ ದೊಡ್ಡದು ಮಾಡಿದ ಮುಖ, ಹಿಂದೆ ನೀಲಿ ಮಂಜಿನಲ್ಲಿ ಹೊಳೆಯುವ ನಕ್ಷತ್ರಗಳ ಗೊಂಚಲು, ಕೆಳಗೆ ‘ಖಗೋಳ ಪ್ರೇಮಿ, ಅಜಾತಶತ್ರು’.

ಅಜಾತಶತ್ರು! ನಮ್ಮ ಬೀದಿಯಲ್ಲಿ ಅವರು ಜಗಳವಾಡದ ಒಂದು ಮನೆ ತೋರಿಸಿ. ಮೂಲೆಯ ಬೇಕರಿಯ ಬೋರ್ಡಿನ ಲೈಟಿಗೆ ಜಗಳ. ಎದುರುಮನೆಯವರು ಗಣಪತಿ ಹಬ್ಬ ಮುಗಿದು ತಿಂಗಳಾದರೂ ಬಿಚ್ಚದ ಸೀರಿಯಲ್ ಸೆಟ್ಟಿಗೆ ಜಗಳ. ಕಂಬದ ಬಲ್ಬಿಗೆ ಮೇಲುಗಡೆ ಮುಚ್ಚಳ ಹಾಕಿ ಎಂದು ವಾರ್ಡಿನವರ ಹತ್ತಿರ ಜಗಳ. ನನ್ನ ಹತ್ತಿರ ಅವರ ಮೊದಲ ಮಾತೇ ಜಗಳ. ಅವರು ಸಾಮಾನು ಇಳಿಸಿದ ವಾರದಲ್ಲೇ, ಒಂದು ಸಂಜೆ ಗೋಡೆಯ ಮೇಲೆ ಒಂದು ತಲೆ ಕಾಣಿಸಿತು.

“ರೀ, ನೀವು ಕರೆಂಟ್ ಆಫೀಸಿನೋರಂತಲ್ಲ?”

“ಹೌದು ಸಾರ್. ಬಿಲ್ಲಿಂಗ್ ಸೆಕ್ಷನ್ನು.”

“ಊರಿಗೆಲ್ಲ ಹೇಳ್ದೆ ಕೇಳ್ದೆ ಕರೆಂಟ್ ತೆಗೀತೀರಿ. ನಿಮ್ ಹಿತ್ಲಲ್ಲಿ ಒಂದು ಬಲ್ಬ್ ಆರ್ಸೋಕೆ ಆಗಲ್ವಾ ಮಾರಾಯ್ರೇ?”

ಅಂದಿನಿಂದ ನಾನು ‘ಕರೆಂಟ್ ಆಫೀಸಿನೋರು’. ಏಳು ವರ್ಷ ನನ್ನ ಹೆಸರನ್ನು ಅವರ ಬಾಯಲ್ಲಿ ಕೇಳಲಿಲ್ಲ. ಏಳೋ, ಆರೋ.

ಅವರಿಗೆ ಬೇಕಿದ್ದದ್ದು ಪುಷ್ಯ. ನಮ್ಮ ಕಡೆ ಪುಷ್ಯ ಎಂದರೆ ಮಳೆ. ಪುನರ್ವಸು ಹೋಯಿತು, ಪುಷ್ಯ ಹಿಡಿಯಿತು, ನಾಟಿ ಮುಗಿಸಿ ಎನ್ನುತ್ತಾರೆ. ಅವರ ಹೆಂಡತಿ ಹೊಳೆಹೊನ್ನೂರು ಕಡೆಯ ಗದ್ದೆಯವರು, ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮದುವೆಯಾದ ಹೊಸದರಲ್ಲಿ ಅಕ್ಕ ಒಮ್ಮೆ ಗಂಡನನ್ನು ಕೇಳಿದ್ದರಂತೆ: “ನೀವು ಅಷ್ಟೆಲ್ಲ ಓದಿದೀರಲ್ಲ, ಪುಷ್ಯದ ಮಳೆ ನೋಡಿದೀನಿ, ಪುಷ್ಯ ಎಲ್ಲಿದೆ ತೋರ್ಸಿ ನೋಡಾಣ.” ಇವರಿಗೆ ತೋರಿಸಲಾಗಲಿಲ್ಲ. ಪುಷ್ಯದ ಮಳೆಗಾಲದಲ್ಲಿ ಸೂರ್ಯನೇ ಆ ನಕ್ಷತ್ರದಲ್ಲಿ ಕೂತಿರುತ್ತಾನೆ, ಮೇಲೆ ಮೋಡ. ಯಾರಿಗೂ ಕಾಣುವುದಿಲ್ಲ. ಅದು ಕಾಣುವುದು ಬೇಸಿಗೆಯ ಆರಂಭದಲ್ಲಿ, ರಾತ್ರಿ ಊಟದ ಹೊತ್ತಿಗೆ, ನಡುನೆತ್ತಿಯಲ್ಲಿ. ಆಗ ಮಳೆಯ ಯೋಚನೆ ಯಾರಿಗೂ ಇರುವುದಿಲ್ಲ. ಕಂಡರೂ ಏನು? ಒಂದು ಮಸುಕು ಉಜ್ಜಿದ ಗುರುತು. ಜೇನುಗೂಡಿನ ಹಾಗೆ ಒತ್ತಿಕೊಂಡ ಪುಟ್ಟ ನಕ್ಷತ್ರಗಳ ಗುಂಪು ಅದು, ಪೂರ್ತಿ ಕತ್ತಲಿದ್ದರೆ ಮಾತ್ರ ಕಣ್ಣಿಗೆ ಸಿಗುತ್ತದೆ. ಗೋಪಾಳದಲ್ಲಿ ಪೂರ್ತಿ ಕತ್ತಲು ಎಲ್ಲಿಂದ ಬರಬೇಕು?

“ಕಣ್ಣಿಗೆ ಸಿಗಲ್ಲ, ಕ್ಯಾಮೆರಾಕ್ಕೆ ಸಿಗತ್ತೆ. ತಾಳ್ಮೆ ಬೇಕು ಅಷ್ಟೆ” ಎಂದರು, ಕಿಂಚಿತ್ತೂ ತಾಳ್ಮೆಯಿಲ್ಲದ ಆ ಮನುಷ್ಯ.

ಸ್ಟುಡಿಯೋದವರೊಬ್ಬರು ಮದುವೆಗಳಿಗೆ ಹೊತ್ತು ಹೊತ್ತು ಕೈಬಿಟ್ಟ ಹಳೆಯ ಕ್ಯಾಮೆರಾ. ಎರಡು ತೇಗದ ಹಲಗೆ, ನಡುವೆ ಬಾಗಿಲಿನ ಒಂದು ಕೀಲು, ಹಲಗೆಗಳನ್ನು ನಿಧಾನ ಅಗಲಿಸಲು ಒಂದು ಉದ್ದನೆಯ ಬೋಲ್ಟು, ಬೋಲ್ಟಿನ ತಲೆಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ. ಮುಚ್ಚಳದ ಅಂಚಿಗೆ ಗಡಿಯಾರದ ಹಾಗೆ ಗೀರು. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಆ ಮುಚ್ಚಳವನ್ನು ಕೈಯಲ್ಲೇ ತಿರುಗಿಸಬೇಕು, ಇಲ್ಲದಿದ್ದರೆ ನಕ್ಷತ್ರ ಚುಕ್ಕೆಯಾಗದೆ ಗೆರೆಯಾಗುತ್ತದೆ. ಕೀಲು ಧ್ರುವ ನಕ್ಷತ್ರಕ್ಕೆ ನೇರವಾಗಿರಬೇಕು. ಧ್ರುವ ನಮ್ಮೂರಲ್ಲಿ ಬಹಳ ಕೆಳಗೆ, ಹಿಂದಿನ ಮನೆಯ ನೀರಿನ ಟ್ಯಾಂಕಿನ ಮರೆಯಲ್ಲಿ. “ಕಾಣದಿದ್ರೆ ಕತ್ತೆ ಬಾಲ. ಹದಿನಾಲ್ಕು ಡಿಗ್ರಿ. ಶಿವಮೊಗ್ಗ ಎಲ್ಲಿಗೂ ಹೋಗಲ್ಲ, ಧ್ರುವನೂ ಹೋಗಲ್ಲ” ಎಂದು ಕೋನ ಅಳೆದು ಇಟ್ಟರು. ಕ್ಯಾಮೆರಾ ಮೇಲೆ ನೋಡುತ್ತಿರುತ್ತಿತ್ತು, ಅವರು ಅದರ ಕೆಳಗೆ ಚಾಪೆಯ ಮೇಲೆ ಅಂಗಾತ ಮಲಗಿ, ಬಾಯಲ್ಲಿ ಸೆಕೆಂಡು ಎಣಿಸುತ್ತ, ಬೆರಳಲ್ಲಿ ಮುಚ್ಚಳ ತಿರುಗಿಸುತ್ತಿದ್ದರು. ಅಡಿಗೆಮನೆಯಿಂದ ಅಕ್ಕ ಕೂಗುತ್ತಿದ್ದರು: “ಸಾರು ಆರ್ತು! ಆ ಪುಷ್ಯ ನಾಳೆನೂ ಇರತ್ತೆ!”

“ನಾಳೆ ಮೋಡ ಬಂದ್ರೆ ನಿಮ್ಮಪ್ಪ ತೆಗೀತಾರಾ?”

ಅರ್ಧ ನಿಮಿಷದ ಒಂದು ಚಿತ್ರ. ಅಂಥ ಅರವತ್ತು. ಆಮೇಲೆ ಕಂಪ್ಯೂಟರಿನಲ್ಲಿ ಅರವತ್ತನ್ನೂ ಒಂದರ ಮೇಲೊಂದು ಕೂರಿಸುವುದು. ಎಲ್ಲದರಲ್ಲೂ ಇರುವುದು ಗಟ್ಟಿಯಾಗುತ್ತದೆ. ಒಂದರಲ್ಲಿ ಮಾತ್ರ ಬಂದದ್ದು, ವಿಮಾನವಿರಲಿ, ಬಾವಲಿಯ ರೆಕ್ಕೆಯಿರಲಿ, ಅಳಿಸಿಹೋಗುತ್ತದೆ. “ಒಂದು ರೀಡಿಂಗ್ ನಂಬಬಾರ್ದು ಕಂಡ್ರಿ. ನಾವು ಕಾರ್ಖಾನೆಲೂ ನಂಬ್ತಿರ್ಲಿಲ್ಲ” ಎನ್ನುತ್ತಿದ್ದರು. ನನಗೆ ಆಗ ಅದು ಜಾಣತನವೆನಿಸಿತ್ತು. ಸಮಾರಾಧನೆಯ ಹಾಲಿನಲ್ಲಿ ಕೂತಾಗ ಅದೇ ಸಂಗತಿ ಅನ್ಯಾಯವೆನಿಸಿತು. ಒಬ್ಬೊಬ್ಬರಾಗಿ ಎದ್ದು ಸರಳ, ಸಜ್ಜನ, ಮೃದುಭಾಷಿ ಎಂದರು. ಮೃದುಭಾಷಿ! ಅವರ ಬೈಗುಳ, ಅವರ ಹಠ, ಒಬ್ಬೊಬ್ಬರ ನೆನಪಿನಲ್ಲಿ ಒಂದೊಂದು ಸಲ ಮಾತ್ರ ಬಂದು ಹೋಗಿದ್ದೆಲ್ಲ ಅಳಿಸಿಹೋಗಿ, ಎಲ್ಲ ಸತ್ತವರಿಗೂ ಒಪ್ಪುವ ಒಂದು ಮುಖ ಉಳಿದಿತ್ತು. ನಾನು ಇಲ್ಲಿ ಬರೆಯುತ್ತಿರುವುದು ಆ ಕಸದ ಬುಟ್ಟಿಗೆ ಹೋದ ಚಿತ್ರಗಳನ್ನು. ಸಾಲಾಗಿ ಬರುವುದಿಲ್ಲ.

ಮೊದಲ ವರ್ಷಗಳಲ್ಲಿ ಅವರು ಕೇಳಿದ ಸಂಜೆ ನಾನು ಬಲ್ಬ್ ಆರಿಸುತ್ತಿದ್ದೆ. ಬಂದ ಚಿತ್ರಗಳು ಅಷ್ಟಕ್ಕಷ್ಟೆ. ಒಂದು ವರ್ಷ ಬೋಲ್ಟು ಸಡಿಲ, ಒಂದು ವರ್ಷ ಮೋಡ. ಆಮೇಲಿನ ವರ್ಷದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ಏಕೆಂದರೆ ಅಲ್ಲಿ ನಾನು ಒಂದು ಜೋಕು ಹೇಳಿದೆ. ಕಂಪ್ಯೂಟರಿನಲ್ಲಿ ತೋರಿಸಿದರು. ಚುಕ್ಕೆಗಳೆಲ್ಲ ಊದಿಕೊಂಡು ಮಬ್ಬಾಗಿದ್ದವು.

“ಏನ್ ಸಾರ್, ಪುಷ್ಯಕ್ಕೆ ನೆಗಡಿಯಾ? ಮೂಗು ಊದ್ಕೊಂಡಿದೆ!”

ಅವರು ನಗಲಿಲ್ಲ. ಮಾನಿಟರಿಗೆ ಮುಖ ಹತ್ತಿರ ತಂದರು, ದೂರ ಸರಿದರು, ತಲೆಯನ್ನು ಕೋಳಿಯ ಹಾಗೆ ಓರೆ ಮಾಡಿ ನೋಡಿದರು. “ಫೋಕಸ್ ಸರಿಯಾಗೇ ಇಟ್ಟಿದ್ದೆ” ಎಂದರು. ನಾನು ಅದನ್ನೂ ಹಠವೆಂದುಕೊಂಡೆ.

ಆ ವರ್ಷದ ಮಳೆಗಾಲ ಮುಗಿದ ಮೇಲೆ ಹಿಂದಿನ ಬೀದಿಯ ಮನೆಯೊಂದರ ಹಿತ್ತಲ ಬಾಗಿಲು ಮುರಿದು ಕಳ್ಳತನವಾಯಿತು. ನನ್ನ ಹೆಂಡತಿ ಶೋಭಾ ಎರಡು ವಾರ ನಿದ್ದೆ ಮಾಡಲಿಲ್ಲ. ನಾನು ಹಿತ್ತಲ ಗೋಡೆಗೆ ದೊಡ್ಡ ಫೋಕಸ್ ಲೈಟು ಹಾಕಿಸಿದೆ. ಕತ್ತಲಾದರೆ ತಾನೇ ಹತ್ತಿಕೊಳ್ಳುವುದು, ಬೆಳಗಾದರೆ ತಾನೇ ಆರುವುದು. ಅವರ ಹಿತ್ತಲು ಮದುವೆ ಮಂಟಪವಾಯಿತು. ಬೇಸಿಗೆ ಬಂದ ಕೂಡಲೇ ಗೋಡೆಯ ಮೇಲೆ ತಲೆ ಕಾಣಿಸಿತು.

“ಒಂದ್ ಗಂಟೆ. ಎಂಟರಿಂದ ಒಂಬತ್ತು. ನಾಕು ದಿನ.”

“ಸಾರ್, ಅದು ಆಟೋಮ್ಯಾಟಿಕ್ಕು. ಸ್ವಿಚ್ಚೇ ಇಲ್ಲ” ಎಂದೆ.

ಅವರು ನನ್ನನ್ನೇ ನೋಡಿದರು. ಜೀವಮಾನವೆಲ್ಲ ಮೀಟರು ಬಿಚ್ಚಿದ ಮನುಷ್ಯನಿಗೆ ಇದನ್ನು ಹೇಳಿದ್ದೆ.

“ಸ್ವಿಚ್ ಇಲ್ದಿರೋ ಲೈಟು! ಅದೂ ಕರೆಂಟ್ ಆಫೀಸಿನೋರ ಮನೇಲಿ! ಶಹಬ್ಬಾಸ್.” ಆಮೇಲೆ ದನಿ ಏರಿತು. ನನ್ನ ಆಫೀಸು, ನನ್ನ ಕಳ್ಳರ ಭಯ, ನನ್ನ ಹುಟ್ಟು ಎಲ್ಲದಕ್ಕೂ ಒಂದೊಂದು ಮಾತು. ಶೋಭಾ ಒಳಗಿನಿಂದ ಬಂದು, “ನಿಮ್ಗೇನ್ರೀ, ಆಕಾಶದಲ್ಲಿರೋದು ಯಾರೂ ಕದಿಯಲ್ಲ. ನಮ್ ಬಾಗ್ಲು ಕೆಳಗಿದೆ” ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನದರಲ್ಲಿತ್ತು. ಸ್ವಿಚ್ಚು ಅಡಿಗೆಮನೆಯ ಬಾಗಿಲ ಹಿಂದೆ ಇತ್ತು, ಈಗಲೂ ಇದೆ.

ನಾನು ಜಾಣನಾಗಲು ಹೋಗಿ ಇನ್ನೊಂದು ಮಾತು ಸೇರಿಸಿದೆ: “ನಿಮ್ ಹಳೇ ಕಾಲೊನಿಗೇ ಹೋಗಿ ತೆಗೀಬಹುದಲ್ಲ ಸಾರ್. ಅಲ್ಲಿ ಈಗ ಕಗ್ಗತ್ತಲು.”

ಅವರು ತಣ್ಣಗಾದರು. ಮರುದಿನ ಸಂಜೆ, “ನಡೀರಿ, ಸ್ಕೂಟರ್ ತೆಗೀರಿ” ಎಂದರು. ಕ್ಯಾಮೆರಾ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತರು. ಅವರು ತಾವೇ ಗಾಡಿ ಓಡಿಸುವುದನ್ನು ಬಿಟ್ಟಿದ್ದರೆಂಬುದನ್ನು ನಾನು ಗಮನಿಸಿದ್ದೆ. ಏಕೆಂದು ಕೇಳಿರಲಿಲ್ಲ.

ಕಾಗದನಗರದಲ್ಲಿ ಸಾಲು ಸಾಲು ಕ್ವಾರ್ಟರ್ಸ್. ಕೆಲವಕ್ಕೆ ಬಾಗಿಲ ಚೌಕಟ್ಟೂ ಇಲ್ಲ. ಕಂಬಗಳಿವೆ, ಬಲ್ಬ್ ಇಲ್ಲ. ದೂರದಲ್ಲಿ ಒಂದೆರಡು ಮನೆಗಳಲ್ಲಿ ಮಾತ್ರ ಬೆಳಕು. ಅವರು ಒಂದು ಮನೆಯ ಮುಂದೆ ನಿಲ್ಲಿಸಲು ಹೇಳಿದರು. ಅವರದೇ ಇರಬೇಕು. ತಲೆಯೆತ್ತಿದೆ. ನಡುನೆತ್ತಿಯಲ್ಲಿ ಆ ಮಸುಕು ಗುರುತು ನನ್ನ ಬರಿಗಣ್ಣಿಗೇ ಕಂಡಿತು. ಜನ್ಮದಲ್ಲಿ ಮೊದಲ ಸಲ ಪುಷ್ಯ ನೋಡಿದೆ.

“ಸಾರ್, ಕಾಣ್ತಿದೆ! ಹಲಗೆ ಇಡಿ, ಹಿಡ್ಕೋತೀನಿ.”

ಅವರು ಚೀಲ ಬಿಚ್ಚಲಿಲ್ಲ.

“ಕಾಣ್ತಿದೆಯಾ ನಿಮ್ಗೆ?” ಎಂದರು.

“ಹ್ಞೂಂ, ಚೆನ್ನಾಗಿ.”

“ಸರಿ, ನೋಡ್ಕೊಳಿ. ನಾನಿಲ್ಲಿ ತೆಗೆಯಲ್ಲ.”

“ಯಾಕೆ ಸಾರ್?”

“ಈ ಕತ್ಲೆ ಹ್ಯಾಗೆ ಬಂತು ಗೊತ್ತೇನ್ರಿ? ಈ ಸಾಲಲ್ಲಿ ಇಪ್ಪತ್ತು ಮನೆ. ಆ ಕಡೆ ಮನೇಲಿ ತಮಿಳ್ನೋರು, ದೀಪಾವಳಿಗೆ ಮುರುಕು ಕೊಡೋರು. ಈ ಕಡೆ ನಮ್ ಸೆಕ್ಷನ್ನಿನ ಹೆಲ್ಪರು. ಒಂದೊಂದೇ ಲೈಟು ಆರ್ತಾ ಹೋಯ್ತು, ನಾನು ಇಲ್ಲೇ ಕೂತು ನೋಡ್ದೆ. ಮೊದ್ಲು ಖುಷಿಯಾಯ್ತು ಕಂಡ್ರಿ, ನಿಜ ಹೇಳ್ತೀನಿ. ಆಹಾ ಎಷ್ಟು ಚುಕ್ಕೆ ಅಂದೆ. ಆಮೇಲೆ ನನ್ ಮುಖಕ್ಕೆ ನಾನೇ ಉಗೀಬೇಕು ಅನ್ನಿಸ್ತು. ಈ ಕತ್ಲೇಲಿ ಫೋಟೋ ತೆಗ್ದು ಗೋಡೆಗೆ ಹಾಕ್ಕೊಳ್ಳಾ?”

ಕೊನೆಗೆ ನನ್ನ ಕಡೆ ತಿರುಗಿ ಗದರಿದರು: “ಜನ ಬದುಕಿರೋ ಜಾಗದಲ್ಲಿ ಒಂದ್ ಗಂಟೆ ಲೈಟ್ ಆರ್ಸೋಕೆ ಆಗಲ್ಲ ಅಂದ್ರೆ ಅದೆಂಥಾ ಬದುಕ್ರಿ!”

ಇಷ್ಟೂ ಮಾತನ್ನು ಅವರು ಹೀಗೆಯೇ ಆಡಿದರೆಂದು ನಾನು ಪ್ರಮಾಣ ಮಾಡಲಾರೆ. ಮುರುಕಿನ ಮಾತು ನಿಜ. ಮುಖಕ್ಕೆ ಉಗಿಯುವ ಮಾತು ನಿಜ. ಉಳಿದದ್ದರಲ್ಲಿ ನನ್ನ ಕೈ ಸೇರಿರಬಹುದು. ಆವತ್ತು ನನಗೆ ಬಂದದ್ದು ಸಿಟ್ಟು. ಇಪ್ಪತ್ತು ಕಿಲೋಮೀಟರ್ ಕರೆತಂದು ಭಾಷಣ ಮಾಡುವುದಕ್ಕೆ ಇವರಿಗೇನು ಹುಚ್ಚೇ? ನಕ್ಷತ್ರಕ್ಕೆ ಯಾರ ಮನೆಯ ದೀಪ ಆರಿದರೇನು? ಆ ಸಿಟ್ಟು ನನ್ನಲ್ಲಿ ಪೂರ್ತಿ ಹೋಗಿಲ್ಲ. ಅವರು ಅಲ್ಲೇ ಚಿತ್ರ ತೆಗೆದಿದ್ದರೆ ನಾನು ಇದನ್ನೆಲ್ಲ ಬರೆಯಬೇಕಿರಲಿಲ್ಲ.

ಬಂದ ಮೇಲೆ ನಾನು ಲೈಟು ಆರಿಸಿದೆನೇ? ಇಲ್ಲ. ಸ್ವಿಚ್ಚಿಲ್ಲ ಎಂದ ಮೇಲೆ ಆರಿಸುವುದು ಹೇಗೆ? ಸುಳ್ಳು ಹೇಳಿದವನಿಗೆ ಅದನ್ನು ಕಾಯುವ ಕೆಲಸವೂ ಬೀಳುತ್ತದೆ.

ಅವರು ಎರಡು ಬಿದಿರು ನೆಟ್ಟು, ನಡುವೆ ನಾಲ್ಕು ಗೋಣಿಚೀಲ ಹೊಲಿದು ಪರದೆ ಕಟ್ಟಿದರು. ಗಾಳಿಗೆ ಅದು ಜೋತುಬಿತ್ತು. ಅದರಲ್ಲೇ ನಾಲ್ಕು ಸಂಜೆ ಮಲಗಿ ಎಣಿಸಿದರು. ಮುಂದಿನ ವಾರ ಗೋಡೆಯ ಮೇಲಿನಿಂದ ಒಂದು ಪ್ರಿಂಟು ಚಾಚಿದರು.

“ತಗೊಳಿ. ನಿಮ್ದೂ ಇದೆ ಇದ್ರಲ್ಲಿ.”

ನಡುವೆ ಪುಷ್ಯ, ಮೂವತ್ತು ನಲವತ್ತು ಚುಕ್ಕೆ, ಈ ಸಲ ತಕ್ಕಮಟ್ಟಿಗೆ ಚೂಪು. ಎಡಮೂಲೆಯಲ್ಲಿ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿಚು. ಅದು ನನ್ನ ಲೈಟು. ಅರವತ್ತು ಚಿತ್ರಗಳಲ್ಲೂ ಅದು ಇತ್ತು, ಆದ್ದರಿಂದ ಅಳಿಸಿಹೋಗಲಿಲ್ಲ, ಗಟ್ಟಿಯಾಯಿತು. ಆ ಮೂಲೆಯನ್ನು ಕತ್ತರಿಸಬಹುದಿತ್ತು. ಅವರು ಕತ್ತರಿಸಲಿಲ್ಲ.

ಅದಾದ ಮೇಲೆ ಅವರು ನನ್ನನ್ನು ಮಾತಾಡಿಸುವುದು ಕಡಿಮೆಯಾಯಿತು. ಬೀದಿಯಲ್ಲಿ ಪಕ್ಕದಲ್ಲೇ ಹಾದು ಹೋದರೂ ತಿರುಗುತ್ತಿರಲಿಲ್ಲ. ಒಂದು ದಿನ ನಾನು ‘ನಮಸ್ಕಾರ ಸಾರ್’ ಎನ್ನಲು ಕೈ ಎತ್ತಿ, ಅವರು ನೋಡದೆ ಹೋದಾಗ ಆ ಕೈಯಿಂದ ತಲೆ ಕೆರೆದುಕೊಂಡೆ. ‘ಎಷ್ಟು ದ್ವೇಷ ನೋಡು, ಒಂದು ಲೈಟಿಗೆ’ ಎಂದು ಶೋಭಾಗೆ ಹೇಳಿದೆ. ನಾನೂ ಬಿಗಿದುಕೊಂಡೆ. ಎರಡು ವರ್ಷ ಹೀಗೆ ಹೋಯಿತು. ಅವರು ಮತ್ತೆ ಹಿತ್ತಲಲ್ಲಿ ಚಾಪೆ ಹಾಸಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಏನನ್ನು ಗೆದ್ದೆನೋ! ಹೋದ ತಿಂಗಳು ಬೆಳಗಿನ ಜಾವ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಹಾಲಿನಲ್ಲಿ ಕೊನೆಗೆ ಮಾತಾಡಿದವರು ಅವರ ಹಳೆಯ ಸಹೋದ್ಯೋಗಿ. ಫ್ಲೆಕ್ಸಿಗೆ ಕೈ ತೋರಿಸಿ, “ಕಾರ್ಖಾನೆ ನಿಂತ್ರೂ ಅವರ ಉತ್ಸಾಹ ನಿಲ್ಲಲಿಲ್ಲ. ನಮ್ಮ ಕಾಗದನಗರದ ಕತ್ತಲನ್ನೇ ವರ ಅಂದ್ಕೊಂಡು, ಅದೇ ಕ್ವಾರ್ಟರ್ಸ್ ಹಿತ್ತಲಲ್ಲಿ ತೆಗೆದ ಅದ್ಭುತ ಚಿತ್ರ ಇದು” ಎಂದರು. ಜನ ಚಪ್ಪಾಳೆ ತಟ್ಟಿದರು. ಸಮಾರಾಧನೆಯಲ್ಲಿ ಚಪ್ಪಾಳೆ!

ನಾನು ಎದ್ದೆ. “ಇದು ಅವರು ತೆಗೆದಿದ್ದಲ್ಲ. ಇದು ಪುಷ್ಯನೂ ಅಲ್ಲ, ಕೃತ್ತಿಕೆ. ನೆಟ್ಟಿಂದ ಎತ್ತಿರೋದು” ಎಂದೆ. “ಅವರು ಕಾಗದನಗರದಲ್ಲಿ ತೆಗೆಯಲ್ಲ ಅಂದಿದ್ರು. ನನ್ ಮುಂದೇನೇ ಅಂದಿದ್ರು.”

ಭಾಮೈದ ಓಡಿ ಬಂದು ಹೆಗಲು ಹಿಡಿದ. “ಸಾರ್, ಭಾವನ ಕಂಪ್ಯೂಟರ್ ಓಪನ್ ಆಗ್ಲಿಲ್ಲ. ಫ್ಲೆಕ್ಸಿನೋನು ಸ್ಟಾರ್ ಗುಂಪು ತಾನೇ, ಯಾವುದಾದ್ರೇನು ಅಂದ. ನೋಡೋಕೂ ಚೆನ್ನಾಗಿದೆ. ಬಿಡಿ, ಎಲೆ ಹಾಕ್ತಿದಾರೆ, ಬನ್ನಿ.”

ನೋಡುವುದಕ್ಕೆ ಚೆನ್ನಾಗಿತ್ತು, ಹೌದು. ನಾನು ಊಟಕ್ಕೆ ಕೂರಲಿಲ್ಲ. ಕೈ ತೊಳೆಯುವ ಜಾಗದ ಹತ್ತಿರ ನಿಂತಿದ್ದೆ. ಅಕ್ಕ ಅಲ್ಲಿಗೆ ಬಂದರು.

“ಒಳ್ಳೇದು ಮಾಡಿದ್ರಿ ಹೇಳಿ. ನಂಗೂ ಅದು ಬೇರೆ ಅನ್ನಿಸ್ತು. ನಮ್ದರಲ್ಲಿ ಮೂಲೇಲಿ ಬೆಳ್ಳಗಿದೆಯಲ್ಲ.”

ನಾನು ತಲೆ ತಗ್ಗಿಸಿದೆ.

“ಅದೊಂದಾದ್ರೂ ಆಯ್ತಲ್ಲ. ಆಮೇಲೆ ಕಣ್ಣು ಹೆಚ್ಚುಕಮ್ಮಿ ಹೋಗೇ ಬಿಡ್ತು, ಬೀದೀಲೂ ಅಂದಾಜಿನ ಮೇಲೆ ನಡೀತಿದ್ರು. ಎಡಗಣ್ಣು ಮೊದ್ಲೇ ಹೋಗಿತ್ತು, ಬಲದ್ರಲ್ಲೂ ಪಕ್ಕದಿಂದ ಕತ್ಲೆ ಮುಚ್ಕೊಂಡು ಬರ್ತಿತ್ತು. ಕಣ್ಣಿನ ನರ ಒಣಗೋ ಕಾಯಿಲೆಯಂತೆ. ಕಣ್ಣು ಕಾಣೋದು ಇದೇ ಕೊನೇ ಬೇಸಿಗೆ ಅಂತ ಡಾಕ್ಟ್ರು ಆವಾಗ್ಲೇ ಹೇಳಿದ್ರಲ್ಲ.”

“ನಂಗೆ ಗೊತ್ತಿರ್ಲಿಲ್ಲ ಅಕ್ಕ.”

ಅಕ್ಕ ನನ್ನ ಮುಖ ನೋಡಿದರು. ಕೋಪದಿಂದಲ್ಲ, ನಿಜವಾದ ಆಶ್ಚರ್ಯದಿಂದ.

“ಅಯ್ಯೋ, ಯಾರಿಗೂ ಹೇಳ್ಬೇಡ ಅಂದಿದ್ರು ನಂಗೆ. ಆದ್ರೆ ನಿಮ್ಗೆ ಹೇಳ್ದೆ ಅಂದ್ರು. ಕರೆಂಟ್ ಆಫೀಸಿನೋರಿಗೆ ಮಾತ್ರ ಹೇಳಿದೀನಿ ಅಂದ್ರು.”

ಚಿತ್ರ ತೆಗೆದ ದಿನಗಳ ಲೆಕ್ಕವನ್ನು ಅವರು ಬರೆದಿಡುತ್ತಿದ್ದ ಲಾಗ್ ಪುಸ್ತಕವನ್ನು ಮರುದಿನ ಅಕ್ಕನ ಹತ್ತಿರ ಕೇಳಿ ತಂದೆ. ಕಾರ್ಖಾನೆಯ ಶಿಫ್ಟಿನಲ್ಲಿ ಬರೆಯುತ್ತಿದ್ದ ಹಾಗೆಯೇ ಗೆರೆ ಎಳೆದ ಕಾಲಂಗಳು: ಚಂದ್ರ, ಮೋಡ, ಗಾಳಿ. ಕೊನೆಯ ಕಾಲಂ ‘ಕರೆಂಟ್ ಆಫೀಸು’. ಅದರಲ್ಲಿ ‘ಆರಿದೆ’ ಅಥವಾ ‘ಉರಿ’. ಕೊನೆಯ ಬೇಸಿಗೆಯಲ್ಲಿ ಅಕ್ಷರಗಳು ಗೆರೆ ಬಿಟ್ಟು ಇಳಿದಿವೆ, ಒಂದರ ಮೇಲೊಂದು ಏರಿವೆ. ಎಲ್ಲ ದಿನವೂ ‘ಉರಿ’. ನಾವು ಕಾಗದನಗರಕ್ಕೆ ಹೋಗಿ ಬಂದ ಮೇಲಿನ ಒಂದು ದಿನದ ಮುಂದೆ ಮಾತ್ರ ‘ಉರಿ. ಹೇಳಿದೆ.’ ಎಂದಿದೆ.

ಏನು ಹೇಳಿದರು? ಲೈಟು ಆರಿಸಿ ಎಂದು ಇನ್ನೊಮ್ಮೆ ಹೇಳಿರಬಹುದು. ಅದನ್ನು ಅವರು ಎಷ್ಟೋ ಸಲ ಹೇಳಿದ್ದರು, ಬೇರೆ ದಿನಗಳಲ್ಲಿ ಬರೆದಿಲ್ಲ. ಒಂದು ರೀಡಿಂಗ್ ನಂಬಬಾರದು. ನನ್ನ ಹತ್ತಿರ ಇರುವುದು ಒಂದೇ ರೀಡಿಂಗು, ಮತ್ತು ಗೋಡೆಯ ಆಚೆ ಅಲುಗುವ ಒಂದು ಬಾಯಿ, ಈಚೆ ನೀರಿನ ಸದ್ದು.

ಗೊತ್ತಿದ್ದರೆ ಲೈಟು ಆರಿಸುತ್ತಿದ್ದೆ ಎಂದು ಬರೆದೆ, ಹೊಡೆದು ಹಾಕಿದೆ. ಅದೂ ಗೊತ್ತಿಲ್ಲ. ಅವರು ನನಗೆ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೆ, ಕೇಳಿಸಿಕೊಂಡೂ ತಲೆಯಾಡಿಸಿದೆನೋ, ಕೇಳಿಸಿಕೊಳ್ಳದೆಯೋ, ಅದೂ ನನಗೆ ಗೊತ್ತಿಲ್ಲ.